ಕಿಟಕಿ: ಕರ್ನಾಟಕದ ಮನೆ ಮತ್ತು ವಾಣಿಜ್ಯ ಕಟ್ಟಡಗಳಲ್ಲಿ ಆಯ್ಕೆ, ಜೋಡಣೆ

ಗೋಡೆಯಲ್ಲಿ ಬಿಟ್ಟ ತೆರಪಿಗೆ ಚೌಕಟ್ಟು, ಕದ, ಗಾಜು, ಸರಳುಗಳನ್ನು ಕೂಡಿಸಿ, ಬೆಳಕನ್ನೂ ಗಾಳಿಯನ್ನೂ ಬೇಕಾದಷ್ಟು ಒಳಕ್ಕೆ ಬರಮಾಡಿಕೊಂಡು, ಮಳೆ, ಬಿಸಿಲಿನ ಝಳ, ದೂಳು, ಸೊಳ್ಳೆ, ಸದ್ದು, ಕಳ್ಳಕಾಕರನ್ನು ಹೊರಗೇ ತಡೆಯಲು ಮಾಡಿಕೊಂಡ ಏರ್ಪಾಡು ಕಿಟಕಿ. ಬರಮಾಡಿಕೊಳ್ಳಬೇಕಾದವೂ ತಡೆಯಬೇಕಾದವೂ ಒಂದೇ ದಾರಿಯಲ್ಲಿ ಬರುವುದರಿಂದ ಕಿಟಕಿಯನ್ನು ಆರಿಸುವುದೆಂದರೆ ಯಾವುದಕ್ಕೆ ಎಷ್ಟು ಮಣೆ ಹಾಕಬೇಕೆಂದು ತೀರ್ಮಾನಿಸುವುದು; ಆ ತೀರ್ಮಾನ ಊರಿನಿಂದ ಊರಿಗೆ, ಒಂದೇ ಮನೆಯಲ್ಲೂ ಗೋಡೆಯಿಂದ ಗೋಡೆಗೆ ಬದಲಾಗುತ್ತದೆ. ಮನೆ ಕಟ್ಟಿಸುವವರಲ್ಲಿ ಬಹುಮಂದಿ ಮೊದಲು ವಿಚಾರಿಸುವುದು ಮರವೋ, ಯುಪಿವಿಸಿಯೋ, ಅಲ್ಯೂಮಿನಿಯಮ್ಮೋ ಎಂಬುದನ್ನು. ಆದರೆ ಕಿಟಕಿ ಯಾವ ದಿಕ್ಕಿಗಿದೆ, ನಿಜಕ್ಕೂ ಎಷ್ಟು ತೆರೆದುಕೊಳ್ಳುತ್ತದೆ, ಅದರ ಮೇಲೆ ನೆರಳು ಎಷ್ಟು ಬೀಳುತ್ತದೆ, ಚೌಕಟ್ಟು ಗೋಡೆಯನ್ನು ಕೂಡುವ ಸಂದು ಹೇಗಿದೆ ಎಂಬ ಸಂಗತಿಗಳು ವಸ್ತುವಿನ ಪ್ರಶ್ನೆಗಿಂತ ಮೊದಲೇ ಇತ್ಯರ್ಥವಾಗಬೇಕು. ಇವು ತಪ್ಪಿದರೆ ಎಷ್ಟೇ ಬೆಲೆಬಾಳುವ ತೇಗವಾಗಲಿ ಗಾಜಾಗಲಿ ಆ ಕೊರತೆಯನ್ನು ತುಂಬಿಕೊಡುವುದಿಲ್ಲ.

ಕರ್ನಾಟಕ ಸುಮಾರು 11.5ರಿಂದ 18.5 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಹರಡಿದ್ದು, ಈ ಹರವಿನಲ್ಲಿ ಹಲವು ಬಗೆಯ ಹವೆಗಳಿವೆ. ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಸುರಿಯುವ, ಸದಾ ತೇವವಿರುವ ಮಂಗಳೂರು–ಉಡುಪಿಯ ಕರಾವಳಿ, 7,000 ಮಿ.ಮೀ. ದಾಟುವ ಆಗುಂಬೆಯಂಥ ಮಲೆನಾಡಿನ ನೆತ್ತಿ, ಸಮುದ್ರಮಟ್ಟದಿಂದ ಸುಮಾರು 920 ಮೀ. ಎತ್ತರದಲ್ಲಿ ಹಿತವಾದ ಹವೆ ಪಡೆದಿರುವ ಬೆಂಗಳೂರು, ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುವ ಕಲಬುರಗಿ, ರಾಯಚೂರು ಇವೆಲ್ಲಕ್ಕೂ ಒಂದೇ ಅಚ್ಚಿನ ಕಿಟಕಿ ಹೊಂದುವುದಿಲ್ಲ.

ಹಿಂದಿನ ರೂಢಿಗಳು

ನಾಡಿನ ಹಳೆಯ ಕಟ್ಟಡಗಳು ಈ ವ್ಯತ್ಯಾಸವನ್ನು ಅರಿತೇ ಕಟ್ಟಿದವು. ಐಹೊಳೆಯ ಲಾಡ್‌ಖಾನ್ ಗುಡಿಯ ಗೋಡೆಗಳಲ್ಲಿ ಕಲ್ಲಿನ ಜಾಲರಿಗಳಿವೆ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಮುಂದೆ ಎರಡನೆಯ ವೀರಬಲ್ಲಾಳನ ಆಳ್ವಿಕೆಯಲ್ಲಿ ನವರಂಗದ ಹೊರಗಂಬಗಳ ನಡುವೆ ಜಾಲಂಧ್ರಗಳು, ಅಂದರೆ ತೂತುಗಳನ್ನು ಕೊರೆದ ಕಲ್ಲಿನ ತೆರೆಗಳು, ಸೇರಿದವು. ಜಾಲಂಧ್ರ ಬಿಸಿಲನ್ನು ಹೋಳುಹೋಳಾಗಿ ಒಡೆದು ಕಣ್ಣು ಕುಕ್ಕದ ಬೆಳಕನ್ನಷ್ಟೇ ಒಳಗೆ ಬಿಡುತ್ತದೆ, ಗಾಳಿಗೆ ಅಡ್ಡಬರುವುದಿಲ್ಲ, ಒಳಗಿದ್ದವರಿಗೆ ಹೊರಗು ಕಂಡರೂ ಹೊರಗಿನವರಿಗೆ ಒಳಗು ಕಾಣದಂತೆ ಮರೆಯನ್ನೂ ಒದಗಿಸುತ್ತದೆ. ಇಂದು ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟುವ ಜಾಲಿ ಗೋಡೆ ಇದೇ ತತ್ತ್ವದ ಅಗ್ಗದ ರೂಪವಾಗಿದ್ದು, ಮೆಟ್ಟಿಲ ಮನೆ, ಉಗ್ರಾಣ, ವರಾಂಡಗಳಿಗೆ ಇದಕ್ಕಿಂತ ಮೇಲಾದ ಆಯ್ಕೆ ಕಡಿಮೆ.

ವಾಸದ ಮನೆಗಳಲ್ಲಿ ಉತ್ತರ ಕರ್ನಾಟಕದ ದಪ್ಪ ಮಣ್ಣುಗೋಡೆಯ ಮಾಳಿಗೆ ಮನೆಗಳು ಗೋಡೆಗೆ ಕಿರಿದಾದ ಕಿಟಕಿಗಳನ್ನಿಟ್ಟು, ಬೆಳಕನ್ನು ಮಾಳಿಗೆಯಲ್ಲಿ ತೆರೆದ ಬೆಳಕಿಂಡಿಯಿಂದ ಇಳಿಸಿಕೊಂಡವು. ಹಗಲಿನ ಝಳ ಒಳನುಗ್ಗದಿರಲು ಅದೇ ತಕ್ಕ ಉಪಾಯವಾಗಿತ್ತು. ತೊಟ್ಟಿ ಮನೆಗಳು ನಡುವಿನ ತೊಟ್ಟಿಯನ್ನೇ ಬೆಳಕು ಗಾಳಿಗಳ ಮುಖ್ಯ ದಾರಿಯಾಗಿ ಮಾಡಿಕೊಂಡವು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹರಡಿದ ಹೆಂಚಿನ ಮಾಡುಗಳಲ್ಲಿ ನಡುನಡುವೆ ಗಾಜಿನ ಹೆಂಚನ್ನು ಕೂಡಿಸಿ ಕತ್ತಲೆಯ ಅಡುಗೆಮನೆಗೂ ಅಟ್ಟಕ್ಕೂ ಬೆಳಕು ತರುವ ರೂಢಿ ಬೆಳೆಯಿತು. ಬೆಂಗಳೂರಿನ ಹಳೆಯ ಬಂಗಲೆಗಳ ಕಿಟಕಿಗಳ ಮೇಲೆ ಮರದ ಪಟ್ಟಿಗಳಿಂದ ಮಾಡಿದ, ‘ಮಂಕಿ ಟಾಪ್’ ಎಂದು ಹೆಸರಾದ ಚೂಪು ಮುಸುಕುಗಳು ಮೇಲುನೋಟಕ್ಕೆ ಅಲಂಕಾರವಾಗಿ ಕಂಡರೂ ಅವು ಮಾಡುತ್ತಿದ್ದುದು ಬಿಸಿಲು, ಎರಚಲುಗಳನ್ನು ತಡೆಯುವ ಕೆಲಸವನ್ನು. ಕಾಂಕ್ರೀಟ್ ಮನೆಗಳು ಬಂದ ಮೇಲೆ ಇವೆಲ್ಲದರ ಬದಲು ಗೋಡೆಗೊಂದು ನಾಲ್ಕಡಿ ಕಿಟಕಿ, ಅದರ ಮೇಲೊಂದು ಸಜ್ಜ ಎಂಬ ಒಂದೇ ಮಾದರಿ ರಾಜ್ಯದುದ್ದಕ್ಕೂ ನಿಂತಿತು. ಸಜ್ಜವೆಂದರೆ ಕಿಟಕಿಯ ನೆತ್ತಿಯಿಂದ ಹೊರಕ್ಕೆ ಚಾಚಿದ ಕಾಂಕ್ರೀಟ್ ಹಲಗೆ. ಈಚಿನ ವರ್ಷಗಳ ಹಲವು ಕಟ್ಟಡಗಳಲ್ಲಿ ನೋಟ ನುಣುಪಾಗಿರಲೆಂದು ಆ ಸಜ್ಜವನ್ನೂ ಕೈಬಿಡಲಾಗಿದೆ. ಕಿಟಕಿಯ ಚರಿತ್ರೆಯಲ್ಲಿ ಇದು ನಿಜವಾಗಿ ಹಿಂದಿಟ್ಟ ಹೆಜ್ಜೆ.

ತೆರಪಿನ ಅಳತೆ

ಕೋಣೆಯ ನೆಲದ ವಿಸ್ತಾರಕ್ಕೂ ಕಿಟಕಿಯ ತೆರಪಿಗೂ ಇರಬೇಕಾದ ಪ್ರಮಾಣವನ್ನು ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಹವೆಗೆ ತಕ್ಕಂತೆ ಸೂಚಿಸುತ್ತದೆ: ಒಣ ಸೆಕೆಯ ಪ್ರದೇಶದಲ್ಲಿ ನೆಲದ ಹತ್ತನೆಯ ಒಂದು ಪಾಲು, ತೇವದ ಸೆಕೆಯಲ್ಲಿ ಆರನೆಯ ಒಂದು ಪಾಲು, ಮಧ್ಯಮ ಹವೆಯಲ್ಲಿ ಎಂಟನೆಯ ಒಂದು ಪಾಲು. ಕೇಂದ್ರ ವಿದ್ಯುತ್ ಸಚಿವಾಲಯದ ಅಡಿಯ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ‘ಇಕೋ ನಿವಾಸ್ ಸಂಹಿತಾ’ ಎಂಬ ವಸತಿ ಕಟ್ಟಡಗಳ ಸಂಹಿತೆಯೂ ಇದೇ ಪ್ರಮಾಣಗಳನ್ನು ಹಿಡಿದಿದೆ. ಆದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಗಾಜಿನ ವಿಸ್ತಾರವನ್ನಲ್ಲ, ಗಾಳಿಗೆ ತೆರೆದುಕೊಳ್ಳುವ ಭಾಗವನ್ನು ಮಾತ್ರ. ಈ ವ್ಯತ್ಯಾಸವನ್ನು ಗಮನಿಸದಿರುವುದೇ ಇಂದಿನ ಮನೆಗಳ ಉಸಿರುಗಟ್ಟುವಿಕೆಗೆ ಬಹುಮಟ್ಟಿಗೆ ಕಾರಣ.

3 ಮೀ. ಅಗಲ, 4 ಮೀ. ಉದ್ದದ ಮಲಗುವ ಕೋಣೆಯೊಂದರ ನೆಲ 12 ಚ.ಮೀ. ಬೆಂಗಳೂರಿನ ಹವೆಗೆ ಅದರ ಎಂಟನೆಯ ಒಂದು ಪಾಲು, ಎಂದರೆ 1.5 ಚ.ಮೀ. ತೆರಪು ಬೇಕು. ಆ ಕೋಣೆಗೆ 1.5 ಮೀ. ಅಗಲ, 1.2 ಮೀ. ಎತ್ತರದ ಕಿಟಕಿ ಇಟ್ಟರೆ ಒಟ್ಟು 1.8 ಚ.ಮೀ. ಸಿಕ್ಕಿತು ಎನಿಸುತ್ತದೆ. ಕದಗಳು ಬಾಗಿಲಿನಂತೆ ಹೊರಕ್ಕೆ ತೆರೆಯುವುದಾದರೆ ಅದರಲ್ಲಿ ಸುಮಾರು ಶೇ. 90 ಭಾಗ ತೆರೆದು 1.62 ಚ.ಮೀ. ದೊರೆಯುವುದರಿಂದ ಲೆಕ್ಕ ಸರಿಹೋಗುತ್ತದೆ. ಅದೇ ಅಳತೆಗೆ ಎರಡು ಕದದ ಸ್ಲೈಡಿಂಗ್ ಕಿಟಕಿ, ಅಂದರೆ ಹಳಿಯ ಮೇಲೆ ಪಕ್ಕಕ್ಕೆ ಸರಿಯುವ ಕಿಟಕಿ ಹಾಕಿದರೆ, ಒಂದು ಕದ ಯಾವಾಗಲೂ ಇನ್ನೊಂದರ ಹಿಂದೆ ನಿಲ್ಲಬೇಕಾದ್ದರಿಂದ ಅರ್ಧ ಮಾತ್ರ ತೆರೆದು 0.9 ಚ.ಮೀ. ಉಳಿಯುತ್ತದೆ; ಮಂಗಳೂರಿನಲ್ಲಾದರೆ ಅಗತ್ಯವೇ 2 ಚ.ಮೀ. ಇರುವುದರಿಂದ ಅದು ಅರ್ಧಕ್ಕೂ ಸಾಲುವುದಿಲ್ಲ.

ತೆರಪು ಸಾಕಷ್ಟಿದ್ದರೂ ಗಾಳಿಗೆ ಹೊರಹೋಗುವ ದಾರಿಯಿಲ್ಲದಿದ್ದರೆ ಅದು ಒಳಗೂ ಬಾರದು. ಎದುರುಬದುರು ಅಥವಾ ಅಕ್ಕಪಕ್ಕದ ಎರಡು ಗೋಡೆಗಳಲ್ಲಿ ಕಿಟಕಿಗಳಿದ್ದಾಗಲೇ ಕೋಣೆಯಲ್ಲಿ ಗಾಳಿ ಹಾಯುತ್ತದೆ. ಮೂವತ್ತಕ್ಕೆ ನಲವತ್ತಡಿಯ ನಿವೇಶನಗಳಲ್ಲಿ ಇಕ್ಕೆಲದ ಮನೆಗಳು ಒತ್ತಿಕೊಂಡಿರುವುದರಿಂದ ಇದು ಕಷ್ಟವಾಗಿ, ಬೆಳಕಿನ ಬಾವಿಯಂತೆ ಆಕಾಶಕ್ಕೆ ತೆರೆದ ಸಣ್ಣ ಅಂಕಣವೊಂದನ್ನು ಮನೆಯ ನಡುವೆ ಬಿಟ್ಟು ಅದಕ್ಕೆ ಕಿಟಕಿಗಳನ್ನು ತೆರೆಯುವುದು ಉಚಿತವೆನಿಸುತ್ತದೆ. ಬಿಸಿಗಾಳಿ ಮೇಲೇರುವುದರಿಂದ ಕಿಟಕಿಯ ನೆತ್ತಿಯಲ್ಲಿ, ಸೂರಿನ ಹತ್ತಿರ ಇಡುತ್ತಿದ್ದ ವೆಂಟಿಲೇಟರ್, ಅಂದರೆ ಗಾಳಿಗಿಂಡಿ, ಈಗ ಬಹುತೇಕ ಕಾಣೆಯಾಗಿದ್ದು, ಸೆಕೆಯ ಊರುಗಳಲ್ಲಿ ಅದನ್ನು ಮರಳಿ ತರುವುದು ಅಗತ್ಯ. ರೂಢಿಯಲ್ಲಿ ಕಿಟಕಿಯ ತಳ ನೆಲದಿಂದ ಮೂರಡಿ, ನೆತ್ತಿ ಏಳಡಿಗೆ ಬರುತ್ತದೆ. ಮಲಗಿದವರ ಮೈಗೆ ಗಾಳಿ ತಾಗಬೇಕಾದ ಕೋಣೆಯಲ್ಲಿ ತಳವನ್ನು ಇನ್ನೂ ತಗ್ಗಿಸಬಹುದು. ಆಗ ಮಕ್ಕಳು ಬೀಳದಂತೆ ಸರಳುಗಳು ಕಡ್ಡಾಯವಾಗುತ್ತವೆ.

ದಿಕ್ಕು ಮತ್ತು ಬಿಸಿಲು

ಉತ್ತರದ ಕಿಟಕಿಗೆ ಬಿಸಿಲೇ ಬೀಳುವುದಿಲ್ಲ ಎಂಬ ನಂಬಿಕೆ ದಕ್ಷಿಣ ಕರ್ನಾಟಕದಲ್ಲಿ ಪೂರ್ತಿ ನಿಜವಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆದರೂ ಆ ಬಿಸಿಲು ತೀರ ಮೇಲಿನಿಂದ ಇಳಿಯುವುದರಿಂದ ಕಿರಿಯ ಸಜ್ಜವೂ ಅದನ್ನು ತಡೆದೀತು. ದಕ್ಷಿಣದ ಕಿಟಕಿಗೆ ಬಿಸಿಲು ಹೆಚ್ಚಾಗಿ ತಾಗುವುದು ಚಳಿಗಾಲದಲ್ಲಿ. ಡಿಸೆಂಬರ್ ನಡುಹಗಲಲ್ಲಿ ಬೆಂಗಳೂರಿನ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುವಾಗ 60 ಸೆಂ.ಮೀ. ಚಾಚಿದ ಸಜ್ಜ ತನ್ನ ಕೆಳಗಿನ ಸುಮಾರು 80 ಸೆಂ.ಮೀ. ಎತ್ತರಕ್ಕೆ ನೆರಳು ಕೊಡುತ್ತದೆ, ಉಳಿದ ಕೆಳಭಾಗದಿಂದ ಬರುವ ಎಳೆಬಿಸಿಲು ಆ ಕಾಲಕ್ಕೆ ಹಿತವೇ.

ಪಡುವಣ ಗೋಡೆಯ ಮಾತು ಬೇರೆ. ಮಾರ್ಚ್ ತಿಂಗಳ ನಾಲ್ಕೂವರೆ ಗಂಟೆಯ ಹೊತ್ತಿಗೆ ಸೂರ್ಯ ಸುಮಾರು 30 ಡಿಗ್ರಿಗೆ ಇಳಿದು ನೇರವಾಗಿ ಕಿಟಕಿಗೆ ಹೊಡೆಯುವಾಗ ಅದೇ 60 ಸೆಂ.ಮೀ. ಸಜ್ಜದ ನೆರಳು 35 ಸೆಂ.ಮೀ. ದಾಟುವುದಿಲ್ಲ. ಅಲ್ಲಿಂದ ಸಂಜೆಯವರೆಗೆ ಸಜ್ಜ ಇದ್ದೂ ಇಲ್ಲದಂತೆ. ಪಡುವಣ ಗಾಜಿನ ಮೇಲೆ ಚ.ಮೀ.ಗೆ 600 ವ್ಯಾಟ್ ಬಿಸಿಲು ಬೀಳುತ್ತಿದೆ ಎಂದು ಹಿಡಿದರೆ, ಸಾಮಾನ್ಯ ಗಾಜು ಅದರಲ್ಲಿ ಐದರ ನಾಲ್ಕು ಪಾಲಿಗೂ ಹೆಚ್ಚನ್ನು ಒಳಗೆ ಬಿಡುವುದರಿಂದ 1.8 ಚ.ಮೀ. ಕಿಟಕಿಯೊಂದು ಕೋಣೆಯೊಳಗೆ ವಿದ್ಯುತ್ ಇಸ್ತ್ರಿಪೆಟ್ಟಿಗೆಯೊಂದನ್ನು ಹಚ್ಚಿಟ್ಟಷ್ಟು ಶಾಖವನ್ನು ತುಂಬುತ್ತದೆ. ಒಳಗೆ ಪರದೆ ಎಳೆದರೆ ಕಣ್ಣಿಗೆ ತಂಪೆನಿಸಿದರೂ ಗಾಜನ್ನು ದಾಟಿ ಬಂದ ಶಾಖ ಒಳಗೇ ಉಳಿದಿರುತ್ತದೆ. ಆದ್ದರಿಂದ ಪಡುವಣಕ್ಕೆ ನೆರಳು ಹೊರಗಡೆಯೇ ಸಿಗಬೇಕು: ನಿಲುವು ಪಟ್ಟಿಗಳು, ಜಾಲಿ, ಬಿದಿರಿನ ತಟ್ಟಿ, ಅಗಲವಾದ ವರಾಂಡ ಅಥವಾ ಗಿಡಮರಗಳು. ಕಲಬುರಗಿ, ರಾಯಚೂರು, ವಿಜಯಪುರಗಳ ಕಡೆ ಪಡುವಣ ಗೋಡೆಗೆ ಸ್ನಾನದ ಮನೆ, ಉಗ್ರಾಣ, ಮೆಟ್ಟಿಲುಗಳನ್ನು ಹೊಂದಿಸಿ ಅಲ್ಲಿ ಕಿಟಕಿಯನ್ನೇ ಕಿರಿದಾಗಿಸುವುದು ಜಾಣತನ.

ವಾಸ್ತುವಿನ ಹೆಸರಿನಲ್ಲಿ ಮೂಡಣ, ಬಡಗಣಗಳಿಗೆ ಹೆಚ್ಚು ಕಿಟಕಿ, ತೆಂಕಣ, ಪಡುವಣಗಳಿಗೆ ಕಡಿಮೆ ಎಂಬ ನಿಯಮವನ್ನು ಹಲವರು ಪಾಲಿಸುತ್ತಾರೆ. ಒಳನಾಡಿನಲ್ಲಿ ಇದು ಬಿಸಿಲಿನ ಲೆಕ್ಕಕ್ಕೆ ತಕ್ಕಮಟ್ಟಿಗೆ ಹೊಂದುತ್ತದೆ. ಕರಾವಳಿಯಲ್ಲಿ ಮಾತ್ರ ಮಧ್ಯಾಹ್ನದ ಕಡಲಗಾಳಿ ಬರುವುದೇ ಪಡುವಣದಿಂದ. ಅಲ್ಲಿ ಆ ಗೋಡೆಯನ್ನು ಮುಚ್ಚಿದ ಮನೆ ಬೆವರಿನ ಮನೆಯಾಗುತ್ತದೆ. ಪಡುವಣಕ್ಕೆ ತೆರೆದು, ಆಳವಾದ ಚಾವಡಿಯಿಂದ ಬಿಸಿಲನ್ನೂ ಮಳೆಯನ್ನೂ ತಡೆಯುವ ಹಳೆಯ ಕರಾವಳಿ ಕ್ರಮವೇ ಅಲ್ಲಿ ಸರಿ.

ಮಳೆ ಮತ್ತು ಗಾಳಿಯ ಒತ್ತಡ

ನೈಋತ್ಯ ಮಾರುತದ ಮಳೆ ಗಾಳಿಯೊಡನೆ ಓರೆಯಾಗಿ ಎರಚುತ್ತದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಗೋಡೆಗೆ ಅಡಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಈ ಎರಚಲಿಗಾಗಿಯೇ. ಸಜ್ಜದ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಗಾಡಿ, ಅಂದರೆ ಸೀಳುಗೆರೆ, ಬಿಟ್ಟಿರಬೇಕು. ಹೀಗೆ ಮಾಡದಿದ್ದರೆ ನೀರು ಸಜ್ಜದ ಅಡಿಗೆ ಅಂಟಿಕೊಂಡು ಹಿಂದಕ್ಕೆ ಹರಿದು ಚೌಕಟ್ಟಿನ ನೆತ್ತಿಗೆ ಇಳಿಯುತ್ತದೆ. ಗಾಳಿಯ ಬಲವೂ ಊರಿಗೊಂದು. ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀ., ಮಂಗಳೂರಿಗೆ 39 ಮೀ. ಮೂಲ ಗಾಳಿವೇಗವನ್ನು ನಿಗದಿ ಮಾಡಿದೆ. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಈ ಸಣ್ಣ ಅಂತರವೇ ಗಾಜಿನ ಮೇಲೆ ಚ.ಮೀ.ಗೆ ಸುಮಾರು 65 ಕಿ.ಗ್ರಾಂ. ಭಾರವನ್ನು 93 ಕಿ.ಗ್ರಾಂ.ಗೆ ಏರಿಸುತ್ತದೆ, ಎತ್ತರದ ಮಹಡಿಗಳಲ್ಲಿ ಇದು ಇನ್ನೂ ಹೆಚ್ಚು. ಬೆಂಗಳೂರಿನ ಮನೆಗೆ ಸಾಕಾದ ಗಾಜಿನ ದಪ್ಪ ಮಂಗಳೂರಿನ ಬಳಿಯ ಸುರತ್ಕಲ್ಲಿನ ಹತ್ತನೆಯ ಮಹಡಿಗೆ ಸಾಲದೆಂಬುದು ಇದರಿಂದ ತಿಳಿಯುತ್ತದೆ.

ಕದಗಳು ಮತ್ತು ಚೌಕಟ್ಟಿನ ವಸ್ತು

ಬಿಜಾಗರಿಯ ಮೇಲೆ ತೆರೆಯುವ ಕದ ಪೂರ್ತಿ ಗಾಳಿ ಕೊಡುತ್ತದೆ, ಮುಚ್ಚಿದಾಗ ರಬ್ಬರ್ ಅಂಚಿಗೆ ಒತ್ತಿ ಕೂರುವುದರಿಂದ ಮಳೆಯನ್ನೂ ಸದ್ದನ್ನೂ ಚೆನ್ನಾಗಿ ತಡೆಯುತ್ತದೆ. ಗಾಳಿಗೆ ಬಡಿದುಕೊಳ್ಳದಂತೆ ಕೊಂಡಿ ಬೇಕು, ಹೊರಗೆ ಜಾಗ ಬೇಕು. ಸರಿಯುವ ಕದ ಜಾಗ ಉಳಿಸುತ್ತದೆ, ಸೊಳ್ಳೆ ಜಾಲರಿಯನ್ನು ಮೂರನೆಯ ಹಳಿಯಲ್ಲಿ ಸುಲಭವಾಗಿ ಕೂಡಿಸಿಕೊಳ್ಳುತ್ತದೆ. ಆದರೆ ಅದರ ಅಂಚಿನಲ್ಲಿರುವುದು ಕುಂಚದಂಥ ಎಳೆಪಟ್ಟಿ ಮಾತ್ರವಾದ್ದರಿಂದ ಸಂದು ಎಂದೂ ಪೂರ್ತಿ ಮುಚ್ಚುವುದಿಲ್ಲ. ಮೇಲಂಚಿಗೆ ಕೀಲಿದ್ದು ಕೆಳಗಿನಿಂದ ಹೊರಕ್ಕೆ ತೆರೆಯುವ ಕದ ಮಳೆ ಬರುವಾಗಲೂ ತೆರೆದಿರಬಲ್ಲದಾದ್ದರಿಂದ ಮಲೆನಾಡು, ಕರಾವಳಿಗಳಿಗೆ ಬಹಳ ಒಪ್ಪುತ್ತದೆ. ಅದು ಇನ್ನೂ ಸಾಕಷ್ಟು ಬಳಕೆಗೆ ಬಾರದಿರುವುದು ವಿಷಾದದ ಸಂಗತಿ.

ಚೌಕಟ್ಟಿಗೆ ಕರ್ನಾಟಕದಲ್ಲಿ ತೇಗ, ಹೊನ್ನೆ, ಮತ್ತಿ, ಹಲಸುಗಳು ಹಿಂದಿನಿಂದ ಬಂದ ಮರಗಳು. ಈಗ ಹೊರಗಿನಿಂದ ಬರುವ ಸಾಲ್ ಮರವೂ ಹೆಚ್ಚಾಗಿ ಸಲ್ಲುತ್ತದೆ. ಮರದ ಜಾತಿಯಷ್ಟೇ ಮುಖ್ಯವಾದುದು ಅದನ್ನು ಎಷ್ಟು ಹದವಾಗಿ ಒಣಗಿಸಲಾಗಿದೆ ಎಂಬುದು. ಹಸಿಮರದ ಚೌಕಟ್ಟು ಮೊದಲ ಬೇಸಗೆಯಲ್ಲಿ ತಿರುಚಿಕೊಂಡು ಮೊದಲ ಮಳೆಗಾಲದಲ್ಲಿ ಉಬ್ಬಿ, ಕದ ಹಾಕಲೂ ಬಾರದ ತೆಗೆಯಲೂ ಬಾರದ ಸ್ಥಿತಿ ತರುತ್ತದೆ. ಚೆನ್ನಾಗಿ ಹದಗೊಂಡ ಮರ, ಗೆದ್ದಲು ತಟ್ಟದಂತೆ ನೋಡಿಕೊಂಡರೆ, ತಲೆಮಾರುಗಳವರೆಗೆ ಬಾಳುವುದಲ್ಲದೆ ಕೆಟ್ಟ ಭಾಗವನ್ನಷ್ಟೇ ಬದಲಿಸಿ ದುರಸ್ತಿ ಮಾಡಲು ಒದಗುತ್ತದೆ. ಈ ಗುಣ ಬೇರಾವ ವಸ್ತುವಿಗೂ ಇಲ್ಲ. ಕೆಡವಿದ ಹಳೆಯ ಮನೆಗಳಿಂದ ಬರುವ ಚೌಕಟ್ಟುಗಳು ದಶಕಗಳಿಂದ ಒಣಗಿ ನಿಂತವಾದ್ದರಿಂದ, ಹುಳು ಹಿಡಿದಿಲ್ಲವೆಂದು ನೋಡಿ ಕೊಂಡರೆ, ಹೊಸ ಮರಕ್ಕಿಂತ ನಂಬಿಕೆಗೆ ಅರ್ಹ.

ಯುಪಿವಿಸಿ ಎಂದರೆ ಮೆದುಗೊಳಿಸುವ ವಸ್ತು ಬೆರೆಸದ ಗಟ್ಟಿ ಪ್ಲಾಸ್ಟಿಕ್. ಇದರ ಟೊಳ್ಳುಪಟ್ಟಿಗಳ ಒಳಗೆ ಸತು ಲೇಪಿಸಿದ ಉಕ್ಕಿನ ಬಲಪಟ್ಟಿ ಇದ್ದು, ಮೂಲೆಗಳನ್ನು ಕಾಯಿಸಿ ಬೆಸೆಯಲಾಗುತ್ತದೆ. ಗೆದ್ದಲು, ಉಪ್ಪುಗಾಳಿ ಎರಡಕ್ಕೂ ಅಂಜದ ಕಾರಣ ಕರಾವಳಿಗೆ ಹೊಂದುತ್ತದೆಯಾದರೂ ಅದರೊಡನೆ ಬರುವ ತಿರುಪು, ಬಿಜಾಗರಿಗಳು ತುಕ್ಕು ಹಿಡಿಯದ ಉಕ್ಕಿನವಾಗಿರಬೇಕು. ಒಳಗಿನ ಬಲಪಟ್ಟಿ ಕಣ್ಣಿಗೆ ಕಾಣದ್ದರಿಂದ ಅಗ್ಗದ ಕೆಲಸದಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ. ಕೊಳ್ಳುವವರು ಕತ್ತರಿಸಿದ ತುಂಡೊಂದನ್ನು ಕೇಳಿ ನೋಡುವುದು ಒಳ್ಳೆಯದು. ಅಲ್ಯೂಮಿನಿಯಮ್ ತೆಳುವಾದ ಪಟ್ಟಿಯಲ್ಲೇ ಹೆಚ್ಚು ಬಲ ಕೊಡುವುದರಿಂದ ಅಗಲವಾದ ಕಿಟಕಿಗಳಿಗೂ ಅಂಗಡಿಗಳಿಗೂ ಸೂಕ್ತ. ಅದು ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಶಾಖ ಹಾಯಿಸುತ್ತದೆ ಎಂಬುದು ನಿಜವಾದರೂ, ಕಿಟಕಿ ತೆರೆದೇ ಬಾಳುವ ಮನೆಯಲ್ಲಿ ಆ ದೋಷ ಅಷ್ಟಾಗಿ ಬಾಧಿಸುವುದಿಲ್ಲ. ಹವಾನಿಯಂತ್ರಿತ ಕೋಣೆಯಲ್ಲಿ ಬಾಧಿಸುತ್ತದೆ. ಉಕ್ಕಿನ ಕಿಟಕಿ ಒಳನಾಡಿನಲ್ಲಿ ಅಗ್ಗ, ಗಟ್ಟಿ. ಕರಾವಳಿಯಲ್ಲಿ ತುಕ್ಕಿನ ಪಾಲು. ಅಚ್ಚುಹಾಕಿದ ಕಾಂಕ್ರೀಟ್ ಚೌಕಟ್ಟು ಕಡಿಮೆ ವೆಚ್ಚದ ಮನೆಗಳಿಗೆ ಒದಗಿಬಂದಿದೆ.

ಗಾಜು

ಗಾಜನ್ನು ಅಳೆಯುವ ಪ್ರಮಾಣಗಳು ಮೂರು. ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದನ್ನು ಸೌರತಾಪ ಗಳಿಕೆಯ ಗುಣಾಂಕವೂ, ಬೆಳಕಿನಲ್ಲಿ ಎಷ್ಟು ಪಾಲು ಬರುತ್ತದೆ ಎಂಬುದನ್ನು ಬೆಳಕಿನ ಪ್ರಸರಣ ಪ್ರಮಾಣವೂ, ಒಳಹೊರಗಿನ ತಾಪಮಾನದ ಅಂತರದಿಂದ ಎಷ್ಟು ಶಾಖ ಹಾಯುತ್ತದೆ ಎಂಬುದನ್ನು ಯು ಮೌಲ್ಯವೂ ತಿಳಿಸುತ್ತವೆ. 5 ಮಿ.ಮೀ. ದಪ್ಪದ ಸಾದಾ ಗಾಜಿನ ಯು ಮೌಲ್ಯ ಸುಮಾರು 5.7, ಎರಡು ಗಾಜುಗಳ ನಡುವೆ 12 ಮಿ.ಮೀ. ಒಣಗಾಳಿ ಮುಚ್ಚಿಟ್ಟ ಜೋಡಿ ಗಾಜಿನಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಚಳಿದೇಶಗಳಲ್ಲಿ ಜೋಡಿ ಗಾಜು ಅನಿವಾರ್ಯವಾದುದು ಇದರಿಂದಲೇ. ಬೆಂಗಳೂರು, ಮೈಸೂರುಗಳಲ್ಲಿ ಒಳಹೊರಗಿನ ತಾಪಮಾನದ ಅಂತರವೇ ಅಲ್ಪವಾಗಿದ್ದು, ಸೆಕೆ ತರುವುದು ನೇರ ಬಿಸಿಲು. ಆದ್ದರಿಂದ ಶಾಖದ ಹೆಸರಿನಲ್ಲಿ ಇಲ್ಲಿನ ಮನೆಗೆ ಜೋಡಿ ಗಾಜನ್ನು ಮಾರುವುದು ಸಮರ್ಥನೀಯವಲ್ಲ, ಆ ಹಣ ಹೊರಗಿನ ನೆರಳಿಗೆ ಹೋದರೆ ಹೆಚ್ಚು ತಂಪು ಸಿಗುತ್ತದೆ. ರಸ್ತೆಯ ಸದ್ದು ತಡೆಯಲು ಜೋಡಿ ಗಾಜೂ, ನಡುವೆ ಪ್ಲಾಸ್ಟಿಕ್ ಪೊರೆ ಇಟ್ಟು ಒತ್ತಿದ ಲ್ಯಾಮಿನೇಟೆಡ್ ಗಾಜೂ ನೆರವಾಗುತ್ತವೆಯಾದರೂ ಸಂದುಗಳು ಮುಚ್ಚದೆ ಉಳಿದರೆ ಎರಡೂ ವ್ಯರ್ಥ.

ಕಪ್ಪು ಗಾಜು ಶಾಖವನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಬೆಳಕನ್ನು ತಡೆದು ಹಗಲಲ್ಲೇ ದೀಪ ಹಚ್ಚಿಸುವುದುಂಟು. ಇಕೋ ನಿವಾಸ್ ಸಂಹಿತೆ ಗಾಜಿಗೆ ಕನಿಷ್ಠ ಬೆಳಕಿನ ಪ್ರಮಾಣವನ್ನು ಕಡ್ಡಾಯ ಮಾಡಿರುವುದು (ಗೋಡೆಯ ಶೇ. 30ರವರೆಗೆ ಕಿಟಕಿಯಿರುವ ಕಟ್ಟಡಗಳಲ್ಲಿ ಅದು ಶೇ. 27) ಈ ದುಷ್ಪರಿಣಾಮವನ್ನು ತಡೆಯಲೆಂದೇ. ಸುರಕ್ಷತೆಯ ದೃಷ್ಟಿಯಿಂದ, ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜು ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಬಲವಾಗಿದ್ದು, ಒಡೆದರೆ ಮೊಂಡು ಹರಳುಗಳಾಗಿ ಉದುರುತ್ತದೆ. ಒಮ್ಮೆ ಗಟ್ಟಿಗೊಳಿಸಿದ ಮೇಲೆ ಅದನ್ನು ಕತ್ತರಿಸಲು ಬಾರದ್ದರಿಂದ ಅಳತೆ ಮೊದಲೇ ಖಚಿತವಾಗಿರಬೇಕು. ನೆಲದ ಹತ್ತಿರದವರೆಗೆ ಇಳಿಯುವ ಕಿಟಕಿಗೆ ಇದು ಬೇಕೇಬೇಕು. ತಲೆಯ ಮೇಲಿನ ಬೆಳಕಿಂಡಿಗೆ, ಒಡೆದರೂ ಚೂರುಗಳು ಪೊರೆಗೆ ಅಂಟಿಕೊಂಡೇ ಇರುವ ಲ್ಯಾಮಿನೇಟೆಡ್ ಗಾಜೇ ತಕ್ಕದ್ದು. ಗಾಜಿನ ತೂಕ ಚ.ಮೀ.ಗೆ, ದಪ್ಪದ ಪ್ರತಿ ಮಿ.ಮೀ.ಗೆ 2.5 ಕಿ.ಗ್ರಾಂ. ಇರುವುದರಿಂದ 60 ಸೆಂ.ಮೀ. ಅಗಲ, 1.2 ಮೀ. ಎತ್ತರದ ಕದದಲ್ಲಿ 5 ಮಿ.ಮೀ. ಗಾಜೇ 9 ಕಿ.ಗ್ರಾಂ. ತೂಗುತ್ತದೆ, ಜೋಡಿಯಾದರೆ 18 ಕಿ.ಗ್ರಾಂ. ಹಳೆಯ ಬಿಜಾಗರಿಯ ಕದಕ್ಕೆ ಜೋಡಿ ಗಾಜು ಹೇರುವ ಮುನ್ನ ಈ ಲೆಕ್ಕ ಹಾಕಬೇಕು.

ಜೋಡಣೆ

ಮರದ ಚೌಕಟ್ಟನ್ನು ಗೋಡೆ ಏಳುತ್ತಿರುವಾಗಲೇ ನಿಲ್ಲಿಸುವುದು ರೂಢಿ. ಗೋಡೆಗೆ ತಾಗುವ ಮೈಗಳಿಗೆಲ್ಲ ಡಾಂಬರು ಅಥವಾ ಗೆದ್ದಲು ನಿರೋಧಕ ಬಳಿದು, ಎರಡು ನಿಲುವುಗಳಿಗೂ ಹೋಲ್ಡ್‌ಫಾಸ್ಟ್ ಎಂಬ ಬಾಗಿದ ಕಬ್ಬಿಣದ ಪಟ್ಟಿಗಳನ್ನು ತಿರುಪಿನಿಂದ ಬಿಗಿದು, ಅವುಗಳ ಸೀಳಿದ ತುದಿಗಳನ್ನು ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಹೂತಿಡಲಾಗುತ್ತದೆ. ಮೇಸ್ತ್ರಿ ಮೊದಲು ರಸಮಟ್ಟವಿಟ್ಟು ತಳ ಸಮವಾಗಿದೆಯೇ ಎಂದು ನೋಡುತ್ತಾನೆ, ತೂಗುಗುಂಡು ಇಳಿಬಿಟ್ಟು ನಿಲುವನ್ನು ಮುಂದಿನಿಂದಲೂ ಪಕ್ಕದಿಂದಲೂ ಪರೀಕ್ಷಿಸುತ್ತಾನೆ, ಬಳಿಕ ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡು ಕರ್ಣಗಳೂ ಸಮವೇ ಎಂದು ಅಳೆಯುತ್ತಾನೆ. ಎರಡು ಕರ್ಣಗಳ ನಡುವೆ ಅಂತರ ಕಂಡರೆ ಚೌಕಟ್ಟು ಮೂಲೆಮಟ್ಟದಲ್ಲಿಲ್ಲವೆಂದೂ, ಮುಂದೆ ಬಡಗಿ ಎಷ್ಟು ಹೆರೆದರೂ ಕದ ನೆಟ್ಟಗೆ ಕೂರುವುದಿಲ್ಲವೆಂದೂ ಅರ್ಥ. ಇಕ್ಕೆಲದಲ್ಲಿ ಇಟ್ಟಿಗೆ ಏರುವಾಗ ನಿಲುವುಗಳು ಒಳಕ್ಕೆ ಬಾಗದಂತೆ ನಡುವೆ ಅಡ್ಡಪಟ್ಟಿ ಬಡಿದಿರಬೇಕು. ಮೇಲಿನ ಗೋಡೆಯ ಭಾರವನ್ನು ಹೊರುವುದು ಲಿಂಟಲ್, ಅಂದರೆ ತೆರಪಿನ ಮೇಲೆ ಹಾಯುವ ಕಾಂಕ್ರೀಟ್ ತೊಲೆ. ಅದು ಇಕ್ಕೆಲದ ಗೋಡೆಯ ಮೇಲೆ ಕನಿಷ್ಠ 15 ಸೆಂ.ಮೀ. ಕೂತಿರಬೇಕೇ ಹೊರತು ಚೌಕಟ್ಟಿನ ಮೇಲೆ ಭಾರ ಬಿಡಬಾರದು.

ಯುಪಿವಿಸಿ, ಅಲ್ಯೂಮಿನಿಯಮ್ ಚೌಕಟ್ಟುಗಳು ಇದಕ್ಕೆ ವಿರುದ್ಧವಾಗಿ ಗಾರೆ ಕೆಲಸ ಮುಗಿದ ಮೇಲೆ ಬರುವುದು ಒಳ್ಳೆಯದು. ಸಿಮೆಂಟಿನ ಕ್ಷಾರ ಅಲ್ಯೂಮಿನಿಯಮ್ಮಿನ ಮೈಯನ್ನೂ ಗಾಜನ್ನೂ ತಿನ್ನುತ್ತದೆ. ಒಮ್ಮೆ ಬಿದ್ದ ಕಲೆ ಉಜ್ಜಿದರೂ ಹೋಗುವುದಿಲ್ಲ. ತೆರಪು ಎಲ್ಲ ಕಡೆ ಒಂದೇ ಅಳತೆಯಲ್ಲಿರುವುದು ಅಪರೂಪವಾದ್ದರಿಂದ ಅಗಲವನ್ನೂ ಎತ್ತರವನ್ನೂ ಮೂರು ಮೂರು ಕಡೆ ಅಳೆದು, ಅತಿ ಕಡಿಮೆ ಬಂದುದನ್ನು ಹಿಡಿದು, ಅದರಲ್ಲೂ ಸುತ್ತ ಕೆಲವು ಮಿ.ಮೀ. ಸಂದು ಕಳೆದು ಚೌಕಟ್ಟು ಮಾಡಿಸಬೇಕು. ಸಂದು ಬೇಕಾಗುವುದು ಕೂರಿಸುವ ಅನುಕೂಲಕ್ಕಷ್ಟೇ ಅಲ್ಲ: ಒಂದೂವರೆ ಮೀಟರ್ ಅಗಲದ ಯುಪಿವಿಸಿ ಚೌಕಟ್ಟು ತಾಪಮಾನ 30 ಡಿಗ್ರಿ ಏರಿದರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ, ಹಿಗ್ಗಲು ಎಡೆಯಿಲ್ಲದಿದ್ದರೆ ಸೊಟ್ಟಗಾಗುತ್ತದೆ. ಚೌಕಟ್ಟನ್ನು ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಸಮಮಾಡಿ, ಮೂಲೆಗಳ ಹತ್ತಿರ ಒಂದೊಂದು, ನಡುವೆ 60 ಸೆಂ.ಮೀ. ಮೀರದ ಅಂತರದಲ್ಲಿ ಒಂದೊಂದು ತಿರುಪನ್ನು ಗೋಡೆಗೆ ಬಿಗಿಯಬೇಕು. ಅತಿಯಾಗಿ ಬಿಗಿದರೆ ಪಟ್ಟಿ ಗೋಡೆಯ ಕಡೆಗೆ ಬಾಗಿ ಸರಿಯುವ ಕದ ತಡೆದು ನಿಲ್ಲುತ್ತದೆ. ಸಂದಿನೊಳಗೆ ಉಬ್ಬುವ ಪಿಯು, ಅಂದರೆ ಪಾಲಿಯುರೆಥೇನ್, ನೊರೆಯನ್ನು ತುಂಬಿ, ಆರಿದ ಮೇಲೆ ಕೊಯ್ದು, ಹೊರಮೈಗೆ ಸಿಲಿಕೋನ್ ಎಳೆಯುವುದು ಕೊನೆಯ ಹಂತ. ನೊರೆಯನ್ನು ಹಾಗೇ ಬಿಟ್ಟರೆ ಬಿಸಿಲಿಗೆ ಪುಡಿಯಾಗುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಲೋಹವನ್ನೂ ಅಮೃತಶಿಲೆಯನ್ನೂ ಕೆಡಿಸುವುದರಿಂದ ಆಮ್ಲರಹಿತ ಬಗೆಯನ್ನು ಕೇಳಿ ತರಿಸಬೇಕು.

ಕರ್ನಾಟಕದ ಮನೆಗಳಲ್ಲಿ ಕಿಟಕಿಯ ತಳಕ್ಕೆ ಗ್ರಾನೈಟ್ ಹಾಸುವುದು ಸಾಮಾನ್ಯ, ನೀರು ಒಳಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಮೂಲವೂ ಅಲ್ಲೇ. ಒಂದೇ ಹಲಗೆಯನ್ನು ಒಳಗಿನಿಂದ ಹೊರಗಿನವರೆಗೆ ಸಮಮಟ್ಟದಲ್ಲಿ ಹಾಸಿ ಅದರ ಮೇಲೆ ಚೌಕಟ್ಟು ಕೂರಿಸಿದಾಗ, ಹೊರಗಿನ ಅಂಚಿಗೆ ಬಿದ್ದ ನೀರು ಹೋಗಲು ದಿಕ್ಕಿಲ್ಲದೆ ಚೌಕಟ್ಟಿನ ಅಡಿಯಿಂದ ಒಳಗೆ ನುಸುಳಿ, ಒಳಗೋಡೆಯ ಬಣ್ಣ ಗುಳ್ಳೆಯೇಳುತ್ತದೆ. ಹೊರಗಿನ ಹಾಸು ಒಳಗಿನದಕ್ಕಿಂತ ಒಂದು ಮೆಟ್ಟಿಲಷ್ಟು ತಗ್ಗಿದ್ದು, ಹೊರಕ್ಕೆ ಇಳಿಜಾರಾಗಿ, ಗೋಡೆಯಿಂದ ತುಸು ಮುಂದೆ ಚಾಚಿರಬೇಕು. ಸರಿಯುವ ಕಿಟಕಿಗಳ ಕೆಳಪಟ್ಟಿಯಲ್ಲಿ ಹಳಿಗೆ ಬಿದ್ದ ನೀರು ಹೊರಹೋಗಲೆಂದು ಸಣ್ಣ ರಂಧ್ರಗಳಿರುತ್ತವೆ. ಗಾರೆಯವರು, ಬಣ್ಣದವರು ಅವನ್ನು ತಿಳಿಯದೆ ಮುಚ್ಚಿಬಿಟ್ಟರೆ ಹಳಿಯೇ ತೊಟ್ಟಿಯಾಗಿ ತುಂಬಿ ಒಳಕ್ಕೆ ಹರಿಯುತ್ತದೆ. ಕೊನೆಯ ಬಣ್ಣಕ್ಕೆ ಮುನ್ನ ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ನೀರು ಹಾಯಿಸಿ ಪರೀಕ್ಷಿಸಿದರೆ ಸೋರಿಕೆ ಯಾವ ಮಟ್ಟದಲ್ಲಿದೆ ಎಂಬುದು ಗೊತ್ತಾಗುತ್ತದೆ. ಮಳೆಗಾಲದವರೆಗೆ ಕಾಯುವುದಕ್ಕಿಂತ ಇದು ಬಹಳ ಅಗ್ಗ.

ಸರಳುಗಳು ಮತ್ತು ಬೆಂಕಿಯ ಅಪಾಯ

ಸರಳು ಅಥವಾ ಗ್ರಿಲ್ ಇಲ್ಲದ ಕಿಟಕಿಯನ್ನು ಕರ್ನಾಟಕದ ಮನೆಗಳಲ್ಲಿ ನೆನೆಯುವುದೂ ಕಷ್ಟ. ಮಗುವಿನ ತಲೆ ತೂರದಂತೆ ಸರಳುಗಳ ನಡುವೆ 10 ಸೆಂ.ಮೀ.ಗಿಂತ ಕಡಿಮೆ ಅಂತರವಿರಬೇಕು. ಆದರೆ ಮನೆಯ ಎಲ್ಲ ಕಿಟಕಿಗಳಿಗೂ ಬೆಸುಗೆ ಹಾಕಿದ ಗ್ರಿಲ್ ಇದ್ದರೆ, ಬಾಗಿಲ ಬಳಿ ಬೆಂಕಿ ಹತ್ತಿದಾಗ ಒಳಗಿದ್ದವರಿಗೆ ಬೇರೆ ದಾರಿಯೇ ಇರುವುದಿಲ್ಲ. ಮಲಗುವ ಕೋಣೆಗೊಂದರಂತೆ ಒಳಗಿನಿಂದ ಚಿಲಕ ತೆಗೆದು ತೆರೆಯಬಹುದಾದ ಗ್ರಿಲ್ ಇಡುವುದನ್ನು ಕಟ್ಟಿಸುವವರು ಪಟ್ಟು ಹಿಡಿದು ಮಾಡಿಸಬೇಕು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಬಿದ್ದು ಹೊಗೆ ತುಂಬಿದಾಗ ಜನ ಉಸಿರಿಗಾಗಿ ಕಿಟಕಿಯ ಗಾಜುಗಳನ್ನು ಒಡೆಯಬೇಕಾಯಿತು, ಕೆಲವರು ಕೆಳಗೆ ಹಾರಿದರು. ಒಂಬತ್ತು ಮಂದಿ ತೀರಿಕೊಂಡರು. ಹವಾನಿಯಂತ್ರಣವಿದೆ ಎಂಬ ಕಾರಣಕ್ಕೆ ತೆರೆಯಲಾಗದ ಗಾಜನ್ನು ಸುತ್ತ ಜಡಿದ ಪ್ರತಿಯೊಂದು ಕಟ್ಟಡಕ್ಕೂ ಈ ಘಟನೆ ಸಂಬಂಧಿಸಿದೆ.

ಅಂಗಡಿ ಮತ್ತು ಕಚೇರಿಗಳು

ಅಂಗಡಿಯ ಮುಂಗಾಜು ಸರಕನ್ನು ತೋರಿಸಲಿಕ್ಕಿರುವುದರಿಂದ ಅದಕ್ಕೆ 10–12 ಮಿ.ಮೀ. ಟಫನ್ಡ್ ಗಾಜು ಬಳಕೆಯಲ್ಲಿದೆ; ಪಡುವಣಕ್ಕೆ ಮುಖ ಮಾಡಿದ ಬಟ್ಟೆ, ಔಷಧಿ, ಸಿಹಿತಿಂಡಿ ಅಂಗಡಿಗಳಲ್ಲಿ ಬಿಸಿಲಿಗೆ ಸರಕೇ ಕೆಡುವುದರಿಂದ ಹೊರಚಾಚಿದ ಮಾಡು ಬೇಕಾಗುತ್ತದೆ. ಕಚೇರಿಗಳಲ್ಲಿ ಹಗಲು ಬೆಳಕು ಕಿಟಕಿಯ ನೆತ್ತಿಯ ಎತ್ತರದ ಎರಡು, ಎರಡೂವರೆ ಪಟ್ಟಿನಷ್ಟು ಆಳಕ್ಕೆ ಮಾತ್ರ ತಲುಪುತ್ತದೆ. ಹಾಗಾಗಿ ಬೆಳಕು ಒಳಗೆ ಸಾಗಬೇಕಾದರೆ ಕಿಟಕಿಯನ್ನು ಅಗಲ ಮಾಡುವುದಕ್ಕಿಂತ ಎತ್ತರಿಸುವುದು ಮೇಲು, ಮೊಣಕಾಲ ಕೆಳಗಿನ ಗಾಜು ಮೇಜಿಗೆ ಬೆಳಕನ್ನೇ ಕೊಡದೆ ಶಾಖವನ್ನಷ್ಟೇ ತರುತ್ತದೆ.

100 ಕಿಲೋವ್ಯಾಟ್ ಅಥವಾ ಅದಕ್ಕೆ ಮೀರಿದ ವಿದ್ಯುತ್ ಸಂಪರ್ಕದ ವಾಣಿಜ್ಯ ಕಟ್ಟಡಗಳನ್ನು ಗಮನದಲ್ಲಿಟ್ಟು ರೂಪಿಸಿದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ, ನೇರ ಪಾಲನೆಯ ವಿಧಾನದಲ್ಲಿ ಗೋಡೆಯ ಶೇ. 40ಕ್ಕಿಂತ ಹೆಚ್ಚು ಕಿಟಕಿಯನ್ನು ಒಪ್ಪುವುದಿಲ್ಲ. ಚಳಿ ಪ್ರದೇಶವೊಂದನ್ನು ಬಿಟ್ಟು ಉಳಿದೆಡೆ ಗಾಜಿನ ಸೌರತಾಪ ಗುಣಾಂಕವನ್ನು 0.27ಕ್ಕೆ ಮಿತಗೊಳಿಸುತ್ತದೆ. ಉತ್ತರದ ಗೋಡೆಗೆ ಮಾತ್ರ 15 ಡಿಗ್ರಿ ಅಕ್ಷಾಂಶ ಮತ್ತು ಅದರ ಮೇಲಿನ ಊರುಗಳಲ್ಲಿ 0.50ರವರೆಗೆ ಸಡಿಲಿಕೆಯಿದೆ. ಈ ಗೆರೆ ಕರ್ನಾಟಕವನ್ನೇ ಸೀಳಿಕೊಂಡು ಹೋಗುವುದರಿಂದ ಕಲಬುರಗಿ, ಹುಬ್ಬಳ್ಳಿಗಳಿಗೆ ಆ ಸಡಿಲಿಕೆ ಸಿಗುತ್ತದೆ, ಬೆಂಗಳೂರು, ಮಂಗಳೂರುಗಳಿಗೆ ಸಿಗುವುದಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯ ಇಕ್ಕೆಲದಲ್ಲಿ ಅಡಿಯಿಂದ ಮುಡಿಯವರೆಗೆ ಗಾಜು ತೊಟ್ಟ ಕಟ್ಟಡಗಳನ್ನು ನೋಡಿದರೆ, ಕಿಟಕಿ ತೆರೆದರೆ ಸಾಕಾಗುವಂಥ ಹವೆಯ ಊರಿನಲ್ಲಿ ಅದನ್ನು ಮುಚ್ಚಿ, ಯಂತ್ರದಿಂದ ತಂಪು ಮಾಡಲು ಎಷ್ಟೊಂದು ವಿದ್ಯುತ್ತು ವೆಚ್ಚವಾಗುತ್ತಿದೆ ಎಂಬುದು ಯಾರಿಗಾದರೂ ವ್ಯಥೆ ತರುವ ಸಂಗತಿ.

ಹಳೆಯ ಕಿಟಕಿಯ ಬದಲಾವಣೆ ಮತ್ತು ಪಾಲನೆ

ಹಳೆಯ ಚೌಕಟ್ಟನ್ನು ಕೀಳದೆ ಅದರೊಳಗೇ ಹೊಸದನ್ನು ಕೂಡಿಸುವುದು ಸುಲಭವಾದರೂ ಸುತ್ತಲೂ ತೆರಪು ಕಿರಿದಾಗಿ ಬೆಳಕು ಗಾಳಿಗಳು ಕಡಿಮೆಯಾಗುತ್ತವೆ, ಮರದೊಳಗೆ ಗೆದ್ದಲಿದ್ದರೆ ಹಾಗೇ ಉಳಿಯುತ್ತದೆ. ಮರ ಗಟ್ಟಿಯಾಗಿದ್ದಲ್ಲಿ ಕದದ ಬಿಜಾಗರಿ ಬದಲಿಸಿ, ಅಂಚಿಗೆ ರಬ್ಬರ್ ಪಟ್ಟಿ ಹಾಕಿ, ಬಣ್ಣ ಹೊಡೆಸಿ, ಹೊರಗೆ ನೆರಳಿನ ಏರ್ಪಾಡು ಮಾಡುವುದರಿಂದಲೇ ಹೊಸ ಕಿಟಕಿಯ ಬಹುಪಾಲು ಫಲ ದೊರೆಯುತ್ತದೆ. ಯಾವ ವಸ್ತುವಿನದಾದರೂ ಕಿಟಕಿಗೆ ಮೇ ತಿಂಗಳ ಕೊನೆಯೊಳಗೆ, ಮುಂಗಾರು ಕಾಲಿಡುವ ಮುನ್ನ, ಒಂದು ಸುತ್ತಿನ ಆರೈಕೆ ಬೇಕು: ಹಳಿಯ ದೂಳು ತೆಗೆದು ರಂಧ್ರಗಳನ್ನು ಕಡ್ಡಿಯಿಂದ ಬಿಡಿಸುವುದು, ಬಿರುಕುಬಿಟ್ಟ ಸಿಲಿಕೋನ್ ಕೆತ್ತಿ ಹೊಸದು ಎಳೆಯುವುದು, ಬಿಜಾಗರಿಗೆ ಎಣ್ಣೆ ಬಿಡುವುದು, ಮರದ ಕೆಳಗಿನ ಅಡ್ಡಪಟ್ಟಿಯನ್ನು ಬೆರಳಿನಿಂದ ಒತ್ತಿ ಮೆತ್ತಗಾಗಿದೆಯೇ ಎಂದು ನೋಡುವುದು. ನೀರು ನಿಂತು ಮರ ಮೊದಲು ಕೊಳೆಯುವುದು ಆ ಕೆಳಪಟ್ಟಿಯಲ್ಲೇ.